ದತ್ತುಶಿಶುವಿಗೆ ಎದೆಹಾಲು: ಒಂದು ಐತಿಹಾಸಿಕ ವಿವೇಚನೆ

ಕರ್ನಾಟಕದ ಇತಿಹಾಸವನ್ನು ಅಭ್ಯಾಸಮಾಡುವ ವಿದ್ಯಾರ್ಥಿಗೆ ದತ್ತುಸ್ವೀಕಾರವು ಮೊದಲು ಎದುರಾಗುವುದು ರಾಜಕೀಯ ಪ್ರಶ್ನೆಯಾಗಿ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರವು ಮಾನ್ಯಮಾಡದೆ ಹೋದುದು ಯುದ್ಧಕ್ಕೆ ಕಾರಣವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತುಸ್ವೀಕಾರವು ಮಾನ್ಯವಾದುದರಿಂದ 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿತು. ನಂದಪಂಡಿತನ ದತ್ತಕಮೀಮಾಂಸೆಯಂತಹ ಧರ್ಮಶಾಸ್ತ್ರ ಗ್ರಂಥಗಳು ವಿಚಾರಮಾಡುವುದೂ ಇಂತಹ ವಿಷಯಗಳನ್ನೇ: ಮಗನನ್ನು ಕೊಡಲು ಅಧಿಕಾರ ಯಾರಿಗೆ, ಸ್ವೀಕರಿಸಲು ಯಾರಿಗೆ, ಆಸ್ತಿಯಲ್ಲಿ ಅವನ ಪಾಲೆಷ್ಟು. ಆದರೆ ಎಳೆಯ ಕೂಸೊಂದು ಹೊಸ ಮಡಿಲಿಗೆ ಬಂದ ರಾತ್ರಿ ಹಸಿದು ಅತ್ತಾಗ ಅದಕ್ಕೆ ಹಾಲೂಡಿಸಿದವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಕೇಳಿಲ್ಲ.

ಹೆರದ ತಾಯಿಯು ತಾನು ಪಡೆದ ಕೂಸಿಗೆ ತನ್ನ ಎದೆಯಲ್ಲಿಯೇ ಉಣಿಸಬಲ್ಲಳೆ? ಇದು ವೈದ್ಯಶಾಸ್ತ್ರದ ಪ್ರಶ್ನೆಯಂತೆ ತೋರಿದರೂ ಇದಕ್ಕೊಂದು ಇತಿಹಾಸವಿದೆ. ಅದರ ಸ್ಥೂಲ ರೂಪವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಪ್ರಾಚೀನ ಭಾರತದ ವೈದ್ಯಗ್ರಂಥಗಳು ತಾಯಿಯ ಹಾಲು ದೊರೆಯದ ಶಿಶುವಿಗೆ ಧಾತ್ರಿಯನ್ನು, ಎಂದರೆ ಆಗಲೇ ಹಾಲಿರುವ ದಾದಿಯನ್ನು, ವಿಧಿಸಿದವು. ಧಾತ್ರಿಯ ಆಯ್ಕೆಯನ್ನು ಸುಶ್ರುತಸಂಹಿತೆಯ ಶಾರೀರಸ್ಥಾನವು ವಿವರವಾಗಿ ಹೇಳುತ್ತದೆ. ಆದರೆ ಅದೇ ಸಂಹಿತೆಯ ನಿದಾನಸ್ಥಾನದಲ್ಲಿರುವ ಮಾತು ಹೆಚ್ಚು ಗಮನಾರ್ಹವಾದುದು. ಮಗುವನ್ನು ಮುಟ್ಟುವುದರಿಂದಲೂ ಕಾಣುವುದರಿಂದಲೂ ನೆನೆಯುವುದರಿಂದಲೂ ಸ್ತನ್ಯವು ಸ್ರವಿಸುತ್ತದೆಂದೂ ಅದಕ್ಕೆ ಎಡೆಬಿಡದ ಸ್ನೇಹವೇ ಕಾರಣವೆಂದೂ ಅಲ್ಲಿ ಹೇಳಿದೆ. ಇದು ಹೆತ್ತ ತಾಯಿಯನ್ನು ಕುರಿತ ಮಾತೆಂಬುದು ನಿಜ. ಆದರೂ ಹಾಲಿನ ಸ್ರಾವವು ಕೂಸಿನ ಸಾನ್ನಿಧ್ಯಕ್ಕೆ ದೇಹವು ಕೊಡುವ ಉತ್ತರವೆಂಬ ತಿಳಿವಳಿಕೆ ಇದರಲ್ಲಿ ಅಡಗಿದೆ.

ಈ ತಿಳಿವಳಿಕೆಯು ಗ್ರಂಥಗಳಿಲ್ಲದ ಸಮಾಜಗಳಲ್ಲಿ ಆಚರಣೆಯಾಗಿಯೇ ಉಳಿದಿತ್ತು. ನ್ಯೂಗಿನಿಯ ಮುಂಡುಗುಮೋರ್ ಜನರಲ್ಲಿ, ಎಂದೂ ಹೆರದ ಸ್ತ್ರೀಯರು ದತ್ತು ಪಡೆದ ಕೂಸನ್ನು ಸದಾ ಎದೆಗಿಟ್ಟುಕೊಂಡು, ತೆಂಗಿನ ಹಾಲನ್ನು ಧಾರಾಳವಾಗಿ ಕುಡಿದು, ಕೆಲವು ವಾರಗಳಲ್ಲಿ ಹಾಲೂಡಿಸಲು ಸಮರ್ಥರಾಗುತ್ತಿದ್ದರೆಂದು ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1935ರಲ್ಲಿ ಬರೆದರು. 1940ರಲ್ಲಿ ವೀಶ್‌ಹಾಫ್ ಎಂಬ ವಿದ್ವಾಂಸರು ಇಂತಹ ಪದ್ಧತಿಗಳನ್ನೇ ಕುರಿತು ವೈದ್ಯೇತಿಹಾಸದ ಪತ್ರಿಕೆಯೊಂದರಲ್ಲಿ ಲೇಖನವನ್ನು ಪ್ರಕಟಿಸಿದರು.

ಇಷ್ಟು ಹಳೆಯ ತಿಳಿವಳಿಕೆಯು ನಗರಗಳ ಜನರಿಗೆ ಮರೆತುಹೋದುದೇಕೆ? ಇದಕ್ಕೆ ಹಲವು ಕಾರಣಗಳಿದ್ದರೂ ಹತ್ತೊಂಬತ್ತನೆಯ ಶತಮಾನದ ಒಂದು ಬದಲಾವಣೆಯು ಮುಖ್ಯವಾದುದೆಂದು ನಮಗೆ ತೋರುತ್ತದೆ. 1845ರಲ್ಲಿ ಅಮೆರಿಕದಲ್ಲಿ ರಬ್ಬರಿನ ತೊಟ್ಟಿಗೆ ಹಕ್ಕುಪತ್ರ ದೊರೆಯಿತು. 1865ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಶಿಶುಗಳಿಗಾಗಿ ಕೃತಕ ಆಹಾರವೊಂದನ್ನು ರೂಪಿಸಿದನು. 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆಯು ಹಾಲುಹಿಟ್ಟಿನ ತಯಾರಿಕೆಯನ್ನು ಆರಂಭಿಸಿದನು. ತಾಯಿಯಿಲ್ಲದ ಕೂಸುಗಳಿಗೆ ಇವುಗಳಿಂದ ಉಪಕಾರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿಯವರೆಗೆ ಒಂದೇ ಆಗಿದ್ದ ಎರಡು ವಸ್ತುಗಳು ಬೇರೆಯಾದವು. ಆಹಾರವು ಸೀಸೆಗೆ ಹೋಯಿತು, ಅಪ್ಪುಗೆಯು ಎದೆಯಲ್ಲಿ ಉಳಿಯಿತು. ದತ್ತು ಪಡೆದ ತಾಯಿಗೆ ಉಳಿದ ದಾರಿ ಸೀಸೆಯೊಂದೇ ಎಂಬ ಭಾವನೆ ಬೇರೂರಿತು.

ಇಪ್ಪತ್ತನೆಯ ಶತಮಾನದ ಶರೀರಶಾಸ್ತ್ರವು ಹಳೆಯ ಅನುಭವವನ್ನೇ ಬೇರೊಂದು ಮಾರ್ಗದಿಂದ ಸಮರ್ಥಿಸಿತು. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಸಾರದಿಂದ ಮೊಲಗಳಲ್ಲಿ ಹಾಲು ಉಂಟಾಗುವುದನ್ನು 1928ರಲ್ಲಿ ಸ್ಟ್ರಾಸ್‌ಬರ್ಗ್‌ನ ಸ್ಟ್ರಿಕರ್ ಮತ್ತು ಗ್ರೂಟರ್ ತೋರಿಸಿದರು. ಹಾಲು ಉತ್ಪತ್ತಿಯಾಗಲು ಪ್ರೊಲ್ಯಾಕ್ಟಿನ್, ಅದು ಹೊರಹರಿಯಲು ಆಕ್ಸಿಟೋಸಿನ್ ಎಂಬ ರಸಗಳು ಬೇಕೆಂದೂ, ಕೂಸಿನ ಚೀಪುವಿಕೆಯೇ ಇವೆರಡನ್ನೂ ಎಚ್ಚರಿಸುತ್ತದೆಂದೂ ಕ್ರಮೇಣ ಸ್ಪಷ್ಟವಾಯಿತು. ಬಸಿರು ಸ್ತನವನ್ನು ಇದಕ್ಕೆ ಅಣಿಗೊಳಿಸುತ್ತದೆ, ನಿಜ. ಆದರೆ ಬಸಿರಿಲ್ಲದೆಯೂ ಹಾಲು ಉಂಟಾಗಬಲ್ಲದು.

ಇಲ್ಲಿಯೇ ಒಂದು ತೊಡಕು. ಕೂಸು ಚೀಪಿದರೆ ಹಾಲು ಬರುತ್ತದೆ, ಆದರೆ ಹಾಲು ಬಾರದ ಎದೆಯನ್ನು ಹಸಿದ ಕೂಸು ಚೀಪದು. ಎದೆಯಲ್ಲಿ ಪೂರಕ ಹಾಲನ್ನು ಕೊಡುವ ಉಪಾಯವು ಬಿಡಿಸಿದುದು ಈ ಗಂಟನ್ನೇ. 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ ‘ಲ್ಯಾಕ್ಟ್-ಏಡ್’ ಎಂಬ ಸಾಧನವನ್ನು ಜಾನ್ ಏವರಿ ಎಂಬಾತನು ತನ್ನ ಮನೆಗೆ ಬಂದ ದತ್ತುಮಗುವಿಗಾಗಿ ರೂಪಿಸಿದ್ದನು. ಕುತ್ತಿಗೆಯಿಂದ ಇಳಿಬಿಟ್ಟ ಹಾಲಿನ ಚೀಲ, ಅದರಿಂದ ಮೊಲೆತೊಟ್ಟಿನವರೆಗೆ ಬರುವ ಸಣ್ಣ ಕೊಳವೆ, ಇಷ್ಟೇ ಅದರ ರಚನೆ. ಕೂಸು ತೊಟ್ಟನ್ನೂ ಕೊಳವೆಯನ್ನೂ ಒಟ್ಟಿಗೆ ಚೀಪುತ್ತದೆ, ಅದರ ಹೊಟ್ಟೆ ತುಂಬುತ್ತದೆ, ಎದೆಗೂ ಪ್ರಚೋದನೆ ದೊರೆಯುತ್ತದೆ. ಸೀಸೆಯು ಬೇರ್ಪಡಿಸಿದ್ದ ಆಹಾರವನ್ನೂ ಅಪ್ಪುಗೆಯನ್ನೂ ಈ ಕೊಳವೆ ಮತ್ತೆ ಕೂಡಿಸಿತೆಂದು ಹೇಳಬಹುದು.

1981ರಲ್ಲಿ ಕ್ಯಾಥ್ಲೀನ್ ಆರ್‌ಬಾಕ್ ಮತ್ತು ಜಿಮ್ಮಿ ಲಿನ್ ಏವರಿ ದತ್ತುಮಕ್ಕಳಿಗೆ ಎದೆಯುಣಿಸಿದ 240 ಮಂದಿ ಸ್ತ್ರೀಯರ ಅಧ್ಯಯನವನ್ನು ಪ್ರಕಟಿಸಿದರು. ಆ ತಾಯಂದಿರಲ್ಲಿ ಬಹುಮಂದಿ ಪೂರಕ ಹಾಲನ್ನು ಪೂರ್ಣವಾಗಿ ಬಿಡಲಾಗಲಿಲ್ಲ. ಆದರೂ ಅವರು ಹಾಲಿನ ಪ್ರಮಾಣಕ್ಕಿಂತ ಮಗುವಿನೊಡನೆ ಬೆಳೆದ ಸಂಬಂಧಕ್ಕೇ ಹೆಚ್ಚಿನ ಬೆಲೆ ಕೊಟ್ಟರು.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಗೌರವದ ಸ್ಥಾನವಿದೆ. ದಾವಣಗೆರೆಯ ವೈದ್ಯರಾದ ಬಾಣಾಪುರಮಠ ದಂಪತಿಗಳು ಮತ್ತು ನಿರ್ಮಲಾ ಕೇಸರಿಯವರು, ಹೆರದ ಪೋಷಕಮಾತೆಯರಲ್ಲಿ ಹಾಲು ಉಂಟುಮಾಡಿದ ಅನುಭವವನ್ನು 1993ರಲ್ಲಿ ಪ್ರಕಟಿಸಿದರು. ಹೆತ್ತೂ ಹಾಲು ನಿಂತುಹೋದ ಅಥವಾ ಸಾಲದ 1000 ತಾಯಂದಿರನ್ನು ಕುರಿತ ಲೇಖನವೊಂದು 2003ರಲ್ಲಿ ದಾವಣಗೆರೆಯಿಂದಲೇ ಹೊರಬಂದಿತು. ಅವರಲ್ಲಿ ಬಹುಪಾಲು ಸ್ತ್ರೀಯರು ಮರಳಿ ಹಾಲೂಡಿಸಿದರು. ಹೆತ್ತವಳಲ್ಲಿ ಬತ್ತಿದುದನ್ನು ಮರಳಿಸುವುದು ಬೇರೆ, ಹೆರದವಳಲ್ಲಿ ಹೊಸದಾಗಿ ಉಂಟುಮಾಡುವುದು ಬೇರೆ. ಎರಡನೆಯದು ಹೆಚ್ಚು ಕಷ್ಟಸಾಧ್ಯ. ಆದರೆ ಎರಡಕ್ಕೂ ಮೂಲಸೂತ್ರ ಒಂದೇ.

1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯದ ಸಮೀಕ್ಷೆಯೊಂದನ್ನು ಹೊರತಂದಿತು. ಅದರಲ್ಲಿ ವಿವರಿಸಿದ ವಿಧಾನಕ್ಕೆ ದುಬಾರಿ ಸಾಧನಗಳು ಬೇಕಿಲ್ಲ. ಒಂದು ಬಟ್ಟಲು, ಆಸ್ಪತ್ರೆಗಳಲ್ಲಿ ಬಳಸುವ ಸಣ್ಣ ಕೊಳವೆ, ಇಷ್ಟು ಸಾಕು. ಬಟ್ಟಲನ್ನು ಮೇಲೆತ್ತಿದರೆ ಹಾಲು ಬೇಗ ಹರಿಯುತ್ತದೆ, ಇಳಿಸಿದರೆ ನಿಧಾನವಾಗುತ್ತದೆ. ಕೊಳವೆಯೂ ಇಲ್ಲದೆಡೆ ಎದೆಯ ಮೇಲೆ ಹನಿಹನಿಯಾಗಿ ಹಾಲನ್ನು ಬಿಡುವ ಪದ್ಧತಿಯುಂಟು. ದಿನಕ್ಕೆ 8ರಿಂದ 12 ಬಾರಿ ಕೂಸನ್ನು ಎದೆಗಿಡಬೇಕು. ಪೂರಕ ಹಾಲನ್ನು ಒಮ್ಮೆಲೇ ನಿಲ್ಲಿಸದೆ, ಕೂಸಿನ ತೂಕವನ್ನು ವೈದ್ಯರಿಂದ ಪರೀಕ್ಷಿಸುತ್ತ, ಎದೆಹಾಲು ಹೆಚ್ಚಿದಂತೆ ಸ್ವಲ್ಪಸ್ವಲ್ಪವಾಗಿ ತಗ್ಗಿಸಬೇಕು. ಅವಸರದಿಂದ ಕೂಸು ಉಪವಾಸ ಬೀಳುವ ಅಪಾಯವಿರುವುದರಿಂದ ಈ ಎಚ್ಚರಿಕೆ ಅತ್ಯವಶ್ಯಕ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹೆರದವಳಿಗೆ ಪೂರ್ಣ ಹಾಲು ಬರುವುದು ವಿರಳವಾದರೆ ಇಷ್ಟು ಶ್ರಮವೇಕೆ? ಹಾಲನ್ನು ಅಳತೆಪಾತ್ರೆಯಿಂದಲೇ ಅಳೆಯುವವರಿಗೆ ಈ ಪ್ರಶ್ನೆ ಸಹಜ. ಆದರೆ ಅಳತೆಪಾತ್ರೆಯೂ ಸೀಸೆಯ ಯುಗದ ಕಾಣಿಕೆಯೆಂಬುದನ್ನು ಮರೆಯಬಾರದು. ಇದಕ್ಕೆ ವಿರುದ್ಧವಾದ ತಪ್ಪೂ ಸಲ್ಲದು. ಎದೆಯುಣಿಸಲಾರದ ದತ್ತುತಾಯಿಯು ಅರ್ಧತಾಯಿಯೆಂದು ಎಣಿಸುವುದಾದರೆ, ಬಂಜೆಯೆಂಬ ಹಳೆಯ ನಿಂದೆಯನ್ನೇ ಹೊಸ ಹೆಸರಿನಿಂದ ಹೊರಿಸಿದಂತಾಗುತ್ತದೆ. ಕೊಳವೆಯ ನಿಜವಾದ ಬೆಲೆಯೆಂದರೆ, ಕೂಸಿನ ಹೊಟ್ಟೆ ತುಂಬುವುದನ್ನು ತಾಯಿಯ ಹಾಲಿನ ಪರೀಕ್ಷೆಯಾಗಲು ಬಿಡದೆ, ಎದೆಯ ಸಾಮೀಪ್ಯವನ್ನು ಉಳಿಸಿಕೊಟ್ಟುದು.

ದತ್ತಕದ ಇತಿಹಾಸವನ್ನು ಸಿಂಹಾಸನ ಮತ್ತು ಆಸ್ತಿಗಳ ಕಡೆಯಿಂದ ಸಾಕಷ್ಟು ಬರೆದದ್ದಾಗಿದೆ. ತೊಟ್ಟಿಲಿನ ಕಡೆಯಿಂದ ಬರೆಯುವ ಕೆಲಸ ಉಳಿದಿದೆ. ಅದಕ್ಕೆ ಆಧಾರಗಳು ಶಾಸನಗಳಲ್ಲಿ ದೊರೆಯುವ ಸಂಭವ ಕಡಿಮೆ, ಮನೆಗಳಲ್ಲಿವೆ. ತಬ್ಬಲಿ ಮೊಮ್ಮಗುವನ್ನು ಎದೆಗೆ ಹಚ್ಚಿಕೊಂಡ ಅಜ್ಜಿಯರ ನೆನಪುಗಳನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಕೇಳಿ ಬರೆದಿಡುವುದಾದರೆ, ಅದು ಇತಿಹಾಸಕ್ಕೆ ಸಲ್ಲುವ ಸೇವೆಯೆಂದು ನಾವು ನಂಬಿದ್ದೇವೆ.