ಮಂಗನ ಕಾಯಿಲೆಯ ಚರಿತ್ರೆಯಲ್ಲಿ ಇಲಿ: ಘಟ್ಟದ ಮೇಲಿನ ಮೂರು ತಾಲ್ಲೂಕುಗಳ ನೆಲೆಯಿಂದ ಒಂದು ಟಿಪ್ಪಣಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಜನಪದ ಬದುಕನ್ನು ಕುರಿತು ಬರೆಯುವವರು ಅಡಕೆ ತೋಟ, ಸೊಪ್ಪಿನ ಬೆಟ್ಟ, ಯಕ್ಷಗಾನ, ಮಾರಿಜಾತ್ರೆಗಳಿಗೆ ಸಹಜವಾಗಿಯೇ ಹೆಚ್ಚಿನ ಗಮನ ಕೊಡುತ್ತಾರೆ. ಇದೇ ಬೆಟ್ಟದ ದಾರಿಯಲ್ಲಿ ಜನರನ್ನು ಹಿಂಬಾಲಿಸಿ ಬಂದ ರೋಗಕ್ಕೂ ಒಂದು ಚರಿತ್ರೆಯಿದೆ. ಮಂಗನ ಕಾಯಿಲೆಯ ಕಥನದಲ್ಲಿ ಮಂಗ, ಉಣುಗು, ಮನುಷ್ಯ ಈ ಮೂವರನ್ನು ನಾವು ಗುರುತಿಸುತ್ತೇವೆ. ನಾಲ್ಕನೆಯ ಜೀವಿಯೊಂದು ಇದೆ, ಅದು ಇಲಿ. ರೋಗವನ್ನು ಅರಿಯುವ ಯತ್ನದಲ್ಲಿ ಇಲಿ ವಹಿಸಿದ ಎರಡು ಪಾತ್ರಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು; ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಸೊರಬದ ನೆರೆಯ ತಾಲ್ಲೂಕೇ ಸಿದ್ದಾಪುರ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟಿ. ಎಚ್. ವರ್ಕ್, ಎಚ್. ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಬಂದರು. ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶವನ್ನೂ ಪ್ರಯೋಗಾಲಯದ ಎಳೆಯ ಬಿಳಿ ಇಲಿಗಳಿಗೆ ಚುಚ್ಚಲಾಯಿತು. ಕಣ್ಣಿಗೆ ಕಾಣದ ವೈರಸ್‌ ಅಲ್ಲಿ ಇದೆ ಎಂಬುದಕ್ಕೆ ಇಲಿಮರಿ ಕಾಯಿಲೆ ಬೀಳುವುದೇ ಅಂದಿನ ಸಾಕ್ಷ್ಯ. ಹೀಗೆ ದೊರೆತ ವೈರಸ್‌ ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್‌ನ ಬಂಧುವೆಂದು ತಿಳಿದುಬಂದಿತು. ಮುಂದಿನ ವರ್ಷಗಳಲ್ಲಿ ಕಾಡಿನ ಇಲಿಗಳಲ್ಲಿಯೂ ಸುಂಡಿಲಿಯಲ್ಲಿಯೂ ಇದೇ ವೈರಸ್‌ ಪತ್ತೆಯಾಯಿತು. ಹೀಗೆ ಇಲಿ ಪುಣೆಯ ಪಂಜರದಲ್ಲಿ ಸಾಕ್ಷಿಯಾಗಿಯೂ ಮಲೆನಾಡಿನ ನೆಲದಲ್ಲಿ ರೋಗಚಕ್ರದ ಪಾಲುದಾರನಾಗಿಯೂ ಇದೆ.

ಇಲ್ಲಿ ಹೆಸರಿನ ಪ್ರಶ್ನೆಯೊಂದನ್ನು ಗಮನಿಸಬೇಕು. ಜನ ಕಣ್ಣೆದುರು ಕಂಡದ್ದು ಮಂಗದ ಸಾವು. ಆದ್ದರಿಂದ ಕಾಯಿಲೆಗೆ ಅದರ ಹೆಸರೇ ನಿಂತಿತು. ವಾಸ್ತವದಲ್ಲಿ ಮುಸುವ ಮತ್ತು ಕೆಂಪು ಮಂಗಗಳು ನಮ್ಮಂತೆಯೇ ಈ ರೋಗದ ಬಲಿಗಳು. ಸತ್ತ ಮಂಗವನ್ನು ಹನುಮನ ರೂಪವೆಂದು ಭಾವಿಸಿ ಪೂಜಿಸಿ ಮಣ್ಣು ಮಾಡುವ ಸಂಪ್ರದಾಯ ನಮ್ಮ ಹಳ್ಳಿಗಳಲ್ಲಿ ಇದೆ. ಆದರೆ ಪ್ರಾಣ ಹೋದ ಮೈಯನ್ನು ಬಿಟ್ಟು ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಭಕ್ತಿಯಿಂದ ಹತ್ತಿರ ಹೋದವನಿಗೇ ಅಪಾಯ. ಬೇಸಿಗೆಯಲ್ಲಿ ದರಕು ಗುಡಿಸಲು ಬೆಟ್ಟಕ್ಕೆ ಹೋಗುವ ಹೆಂಗಸರಿಗೂ ದನ ಕಾಯುವವರಿಗೂ ಇದೇ ಅಪಾಯ. ಎಳೆಯ ಉಣುಗುಗಳು ಹೆಚ್ಚುವ ಕಾಲವೂ ಅದೇ.

ಇನ್ನು ಎರಡನೆಯ ಪಾತ್ರ. ಕ್ಯಾಸನೂರಿನಲ್ಲಿ ಮಂಗಗಳು ಸತ್ತ 1957ರಲ್ಲಿಯೇ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನ್ ಎಂಬ ಪದಾರ್ಥವನ್ನು ಕುರಿತು ಪ್ರಕಟಿಸಿದರು. ವೈರಸ್‌ ಹೊಕ್ಕ ಜೀವಕೋಶವು ಈ ಪ್ರೋಟೀನನ್ನು ಹೊರಚೆಲ್ಲುತ್ತದೆ. ನೆರೆಯ ಕೋಶಗಳು ತಮ್ಮ ಮೈಮೇಲಿನ ಗ್ರಾಹಕ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಅದನ್ನು ಗ್ರಹಿಸಿ ರಕ್ಷಣೆಗೆ ಸಿದ್ಧವಾಗುತ್ತವೆ. ಊರಿನ ಒಂದು ತುದಿಯಲ್ಲಿ ಹಾಕಿದ ಕೂಗನ್ನು ಕೇಳಿ ಉಳಿದ ಮನೆಗಳವರು ಬಾಗಿಲು ಭದ್ರಪಡಿಸಿಕೊಂಡ ಹಾಗೆ. ಆದರೆ ಇಡೀ ದೇಹದಲ್ಲಿ ಈ ಕೂಗಿನ ಬೆಲೆ ಎಷ್ಟು ಎಂದು ತಿಳಿಯುವುದು ಹೇಗೆ? ಕೇಳುವ ಕಿವಿಯನ್ನೇ ಇಲ್ಲವಾಗಿಸಿ ನೋಡಬೇಕು.

ಆ ಉಪಾಯ ಕೈಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಇಲಿಯ ಭ್ರೂಣದಿಂದ ತೆಗೆದು ಬೆಳೆಸಿದ ಆಕರಕೋಶಗಳಲ್ಲಿ ಆಯ್ದ ಒಂದು ವಂಶವಾಹಿಯ ಜಾಗಕ್ಕೆ ಕೆಡಿಸಿದ ಪ್ರತಿಯನ್ನು ಸೇರಿಸುತ್ತಾರೆ. ಆ ಕೋಶಗಳನ್ನು ಎಳೆಯ ಭ್ರೂಣಕ್ಕೆ ಹಾಕಿ ತಾಯಿ ಇಲಿಯ ಗರ್ಭದಲ್ಲಿ ಬೆಳೆಸುತ್ತಾರೆ. ಹುಟ್ಟಿದ ಮಿಶ್ರ ಮರಿಗಳ ಸಂತತಿಯನ್ನು ಕೂಡಿಸುತ್ತ ಹೋದರೆ ಆ ವಂಶವಾಹಿ ಪೂರ್ತಿ ನಿಷ್ಕ್ರಿಯವಾದ, ಆದ್ದರಿಂದ ಆ ಪ್ರೋಟೀನೇ ಇಲ್ಲದ ಇಲಿಗಳು ದೊರೆಯುತ್ತವೆ. ಇವೇ ನಾಕ್‌ಔಟ್ ಇಲಿಗಳು. ಮೊದಲ ನಾಕ್‌ಔಟ್ ಇಲಿಗಳು 1989ರಲ್ಲಿ ವರದಿಯಾದವು; ಈ ವಿಧಾನಕ್ಕೆ ಕಾರಣರಾದ ಮಾರಿಯೊ ಕಪೆಕಿ, ಮಾರ್ಟಿನ್ ಇವಾನ್ಸ್, ಆಲಿವರ್ ಸ್ಮಿಥೀಸ್ ಅವರಿಗೆ 2007ರ ನೊಬೆಲ್ ಪ್ರಶಸ್ತಿ ಸಂದಿತು. ಇಂಟರ್‌ಫೆರಾನ್ ಗ್ರಾಹಕವಿಲ್ಲದ ಇಲಿಗಳ ವಿವರ 1994ರಲ್ಲಿ ಪ್ರಕಟವಾಯಿತು. ನೋಡಲು ಆರೋಗ್ಯವಾಗಿದ್ದ ಆ ಇಲಿಗಳು ವೈರಸ್‌ ಸೋಂಕಿಗೆ ಮಾತ್ರ ಬಹುಬೇಗ ಸೋತವು.

ನಮ್ಮ ಕಾಯಿಲೆಗೆ ಹತ್ತಿರದ ಒಂದು ನಾಕ್‌ಔಟ್ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಕ್ಯಾಸನೂರು ವೈರಸ್‌ನ ಬಂಧುಗಳಾದ ಲಂಗಾಟ್ ವೈರಸ್‌ ಮತ್ತು ಉಣುಗಿನ ಮೆದುಳು ಜ್ವರದ ವೈರಸ್‌ಗಳನ್ನು ಈ ಇಲಿಗಳಿಗೆ ಕೊಟ್ಟಾಗ ಅವು ಶೀಘ್ರವಾಗಿ ನರದೌರ್ಬಲ್ಯಕ್ಕೆ ಒಳಗಾಗಿ ಸತ್ತವು. ಅಷ್ಟಕ್ಕೇ ನಿಲ್ಲದೆ, ಕೆಲವು ಅಂಗಾಂಶಗಳಲ್ಲಿ ಮಾತ್ರ ಗ್ರಾಹಕವಿಲ್ಲದ ಇಲಿಗಳನ್ನೂ ಪರೀಕ್ಷಿಸಲಾಯಿತು. ಮೆದುಳಿನಲ್ಲಿಯೂ ಉಳಿದ ದೇಹದಲ್ಲಿಯೂ ಏಕಕಾಲಕ್ಕೆ ರಕ್ಷಣೆ ಜಾಗೃತವಾದರೆ ಮಾತ್ರ ಪ್ರಾಣಿ ಉಳಿಯುತ್ತದೆ ಎಂಬುದು ಅದರ ಫಲಿತ. ಕ್ಯಾಸನೂರು ವೈರಸ್‌ನ ಎನ್‌ಎಸ್ 5 ಎಂಬ ಪ್ರೋಟೀನು ಇದೇ ಇಂಟರ್‌ಫೆರಾನ್ ಸಂದೇಶವನ್ನು ತಡೆಯುತ್ತದೆಂದು ಕೆನಡಾದ ಸಂಶೋಧಕರು 2012ರಲ್ಲಿ ಜೀವಕೋಶಗಳಲ್ಲಿ ತೋರಿಸಿದ್ದರು. ಪ್ರಯೋಗಾಲಯದಲ್ಲಿ ಮನುಷ್ಯರು ಇಲ್ಲವಾಗಿಸಿದ ಕಿವಿಯನ್ನೇ ಕಾಡಿನ ವೈರಸ್‌ ತನ್ನ ಹಾದಿಯಲ್ಲಿ ಮುಚ್ಚುತ್ತದೆ.

ಇಲ್ಲವಾಗಿಸಿ ಅರಿಯುವ ಈ ಕ್ರಮ ಜಾನಪದ ವಿದ್ಯಾರ್ಥಿಗೆ ಪೂರ್ತಿ ಅಪರಿಚಿತವಲ್ಲ. ಒಂದೇ ಕಥೆಯ ಹಲವು ಪಾಠಗಳನ್ನು ಎದುರಿಟ್ಟುಕೊಂಡು, ಒಂದು ಘಟನೆ ಬಿಟ್ಟುಹೋದ ಪಾಠದಲ್ಲಿ ಏನು ಕುಸಿಯುತ್ತದೆ ಎಂದು ನೋಡುವುದರಿಂದಲೇ ಆ ಘಟನೆಯ ಕಾರ್ಯ ನಮಗೆ ತಿಳಿಯುತ್ತದೆ. ಕೆಲವೊಮ್ಮೆ ಏನೂ ಕುಸಿಯುವುದಿಲ್ಲ. ಹೇಳುವವಳು ಇನ್ನೊಂದು ಘಟನೆಯಿಂದ ಅದೇ ಕೆಲಸ ಮಾಡಿಸಿರುತ್ತಾಳೆ. ನಾಕ್‌ಔಟ್ ಇಲಿಯಲ್ಲಿಯೂ ಹೀಗೆಯೇ. ಇಲ್ಲವಾದ ಪ್ರೋಟೀನಿನ ಕೆಲಸವನ್ನು ಇನ್ನೊಂದು ಪ್ರೋಟೀನು ವಹಿಸಿಕೊಂಡರೆ ಇಲಿ ಆರೋಗ್ಯವಾಗಿಯೇ ಇರುತ್ತದೆ. ಏನೂ ಆಗಲಿಲ್ಲವೆಂದರೆ ಅದಕ್ಕೆ ಪಾತ್ರವೇ ಇಲ್ಲವೆಂದು ಅರ್ಥವಲ್ಲ.

ಈ ಎಚ್ಚರ ನಮ್ಮ ತಾಲ್ಲೂಕುಗಳ ಇತ್ತೀಚಿನ ಚರಿತ್ರೆಗೂ ಬೇಕು. ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್‌ನ ಲಸಿಕೆ ಕರ್ನಾಟಕದಲ್ಲಿ 1990ರಿಂದ ಬಳಕೆಯಲ್ಲಿತ್ತು. ಅದರ ಶಕ್ತಿಯನ್ನು ಅಳೆದದ್ದೂ ಇಲಿಗಳ ಮೇಲೆಯೇ. 2005ರಿಂದ 2010ರವರೆಗಿನ ಅವಧಿಯ ಅಧ್ಯಯನದಂತೆ ಎರಡು ಸೂಜಿ ಪಡೆದವರಲ್ಲಿ ಅದರ ಪರಿಣಾಮ ಶೇ. 62.4, ಮತ್ತೊಂದು ಪೂರಕ ಸೂಜಿ ಪಡೆದವರಲ್ಲಿ ಶೇ. 82.9. 2022ರ ಸುಮಾರಿಗೆ ಈ ಲಸಿಕೆಯ ಬಳಕೆ ನಿಂತಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕು ಕಾಯಿಲೆಯಿಂದ ತೀವ್ರವಾಗಿ ನರಳಿತು. ಈ ಎರಡು ಸಂಗತಿಗಳನ್ನು ಕಾರಣ-ಕಾರ್ಯವೆಂದು ಜೋಡಿಸುವ ಆಸೆ ಸಹಜವಾದದ್ದು. ಆದರೆ ಪ್ರಯೋಗಾಲಯದಲ್ಲಿ ನಾಕ್‌ಔಟ್ ಇಲಿಯ ಪಕ್ಕದಲ್ಲಿ ತಾಳೆ ನೋಡಲು ಅದರ ಒಡಹುಟ್ಟಿದ, ವಂಶವಾಹಿ ಕೆಡದ ಇಲಿ ಇರುತ್ತದೆ. ಸಿದ್ದಾಪುರಕ್ಕೆ ಇನ್ನೊಂದು ಸಿದ್ದಾಪುರವಿಲ್ಲ. ಮಂಗಗಳ ಸಂಖ್ಯೆ, ಮಳೆ, ಬೆಟ್ಟದ ಬಳಕೆ ಎಲ್ಲವೂ ಜೊತೆಜೊತೆಗೆ ಬದಲಾಗುತ್ತಿರುತ್ತವೆ. ಆದ್ದರಿಂದ ಲಸಿಕೆಯ ಪಾತ್ರವನ್ನು ಅದರ ಗೈರುಹಾಜರಿಯಿಂದಲೇ ನಿರ್ಣಯಿಸಲು ಬರುವುದಿಲ್ಲ. ಅದರ ಅಗತ್ಯವನ್ನು ಹೇಳಲು ಕಾಯಿಲೆ ಬಿದ್ದವರ ಮನೆಗಳೇ ಸಾಕು.

ಒಟ್ಟಿನಲ್ಲಿ, ಈ ಸೀಮೆಯ ಕಾಡಿನಂಚಿನಿಂದ ಹೊರಟ ರೋಗಿಗಳ ರಕ್ತದಿಂದ ವೈರಸ್‌ ದೊರೆಯಿತು. ಅದು ದೂರದೇಶಗಳ ಪ್ರಯೋಗಾಲಯಗಳನ್ನು ತಲುಪಿತು. ಕಾಯಿಲೆ ಬಿದ್ದು ತೋರಿಸಿದ ಇಲಿಯಿಂದ, ಒಂದು ಪ್ರೋಟೀನನ್ನು ಕಳೆದುಕೊಂಡು ತೋರಿಸಿದ ಇಲಿಯವರೆಗೆ ಅರಿವು ಬೆಳೆದಿದೆ. ದರಕಿನ ಹೆಡಿಗೆ ಹೊತ್ತವಳು ಮಾತ್ರ ಇಂದಿಗೂ ಕೈಕಾಲಿಗೆ ತೈಲ ಸವರಿಕೊಂಡೇ ಬೆಟ್ಟ ಹತ್ತಬೇಕಾಗಿದೆ. ಆ ಅರಿವು ಉತ್ತಮ ಲಸಿಕೆಯಾಗಿ, ಔಷಧವಾಗಿ ಅವಳ ಮನೆಗೆ ಮರಳಿ ಬರುವವರೆಗೆ ಈ ಚರಿತ್ರೆ ಮುಗಿಯಿತೆಂದು ಬರೆಯಲಾಗದು. 1957ನ್ನು ಕಣ್ಣಾರೆ ಕಂಡವರು ಈಗ ವಿರಳ. ಅವರ ನೆನಪುಗಳನ್ನು ದಾಖಲಿಸುವುದು ಜಾನಪದ ಕ್ಷೇತ್ರದವರ ತುರ್ತಿನ ಕೆಲಸವಾಗಬೇಕು. ಅಲ್ಲಿ ಬಿಟ್ಟುಹೋದ ಪಾಠವನ್ನು ಯಾವ ಪ್ರಯೋಗಾಲಯವೂ ತುಂಬಿಕೊಡಲಾರದು.