ಕಂಪ್ಯೂಟರ್ ಗುಲಬರ್ಗಾದಲ್ಲಿ, ಹೊಲ ಸೇಡಂನಲ್ಲಿ

ನಮ್ಮ ಕಡೆ ಹೊಲವೆಂದರೆ ಬರೀ ತೊಗರಿ, ಜೋಳ ಅಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಸುತ್ತಲಿನ ಮಣ್ಣಿನ ಕೆಳಗೆ ಸುಣ್ಣದ ಕಲ್ಲಿದೆ. ನಮ್ಮ ಅಡುಗೆಮನೆಗೆ ಹಾಸಿದ ಫರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ಆದ್ದರಿಂದ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು ಇಲ್ಲಿ ಸಣ್ಣ ಮಾತಲ್ಲ. ಗಂಡ ತೀರಿಕೊಂಡ ಹೆಣ್ಣುಮಗಳಿಗಂತೂ ಮೈದುನರ ಮುಂದೆ ಮಾತಾಡಲು ಇರುವುದು ಅದೊಂದೇ ಕಾಗದ.

ಆ ಕಾಗದ ಬಹುಕಾಲ ಹೆಂಗಸರ ಕೈಗೆ ಸಿಕ್ಕಿದ್ದೇ ಇಲ್ಲ. 1948ರವರೆಗೆ ನಿಜಾಮರ ಆಡಳಿತ, ಕಚೇರಿಯ ಭಾಷೆ ಉರ್ದು. ಆಮೇಲೆ ಕನ್ನಡ ಬಂತು, ಆದರೆ ಪುಸ್ತಕ ಗ್ರಾಮಲೆಕ್ಕಿಗರ ಬಳಿಯೇ ಉಳಿಯಿತು. ಅವರು ಊರಿಗೆ ಬಂದ ದಿನವೇ ನಮ್ಮ ಪುಣ್ಯ.

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗ ಕರ್ನಾಟಕದಲ್ಲಿ ನಡೆದದ್ದು ನಮ್ಮದೇ ಜಿಲ್ಲೆಯಲ್ಲಿ, 1991ರಲ್ಲಿ, ಪೂರ್ತಿ ಕೇಂದ್ರ ಸರ್ಕಾರದ ಖರ್ಚಿನಲ್ಲಿ. ಹಿಂದುಳಿದವರೆಂದು ಸದಾ ಅನ್ನಿಸಿಕೊಳ್ಳುವ ನಮಗೆ ಇದು ಹೆಮ್ಮೆಯ ಸಂಗತಿಯೇ. 1996ರ ಹೊತ್ತಿಗೆ ಯೋಜನೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯಿತು. ಆದರೆ ತಾಲ್ಲೂಕಿನಲ್ಲಿ ಯಂತ್ರ ಇಡಲು ಅದರಲ್ಲಿ ಅವಕಾಶವೇ ಇರಲಿಲ್ಲ. ಹೊಲ ಕೈ ಬದಲಾಗುವುದು, ವಾರಸುದಾರರ ಹೆಸರು ಏರುವುದು ಸೇಡಂನಲ್ಲಿ, ಚಿಂಚೋಳಿಯಲ್ಲಿ; ಯಂತ್ರ ಜಿಲ್ಲಾ ಕೇಂದ್ರದಲ್ಲಿ. ಒಲೆ ಒಂದು ಮನೆಯಲ್ಲಿ, ಹಿಟ್ಟು ಇನ್ನೊಂದು ಮನೆಯಲ್ಲಿ ಇಟ್ಟರೆ ರೊಟ್ಟಿ ಆಗುವುದುಂಟೇ?

'ಭೂಮಿ' ಯೋಜನೆ ಈ ಕೊರತೆಯನ್ನು ತುಂಬಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ಎಂಜಿನಿಯರುಗಳು ತಂತ್ರಾಂಶ ಬರೆದರು, ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಮುಂದಾಳಾದರು. 2002ರ ಹೊತ್ತಿಗೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು 177 ತಾಲ್ಲೂಕು ಕೇಂದ್ರಗಳ ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. 15 ರೂಪಾಯಿ ಕೊಟ್ಟರೆ ಅಲ್ಲೇ ಪ್ರತಿ. ಯಾರು ತಿದ್ದಿದರೆಂಬುದು ಗೊತ್ತಾಗಲೆಂದು ಸಿಬ್ಬಂದಿಯ ಬೆರಳಚ್ಚು ಪಡೆಯುವ ಏರ್ಪಾಡು. ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು, ಹೊರಗೆ ನಿಂತವರ ಕಡೆಗೆ ತಿರುಗಿಸಿಟ್ಟ ಎರಡನೆಯ ಪರದೆ. ಒಳಗೆ ಏನು ನಡೆಯುತ್ತಿದೆಯೆಂದು ಹಳ್ಳಿಯ ಹೆಂಗಸೂ ನೋಡಬಹುದಿತ್ತು.

ಇದರ ಹಿಂದೆ ಕನ್ನಡ ಅಕ್ಷರದ ಕಥೆಯೂ ಇದೆ. ಕಂಪ್ಯೂಟರಿಗೆ ತಿಳಿಯುವುದು ಅಂಕಿ ಮಾತ್ರ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. ಭಾರತೀಯ ಲಿಪಿಗಳಿಗೆ ಅಂಥ ಸಂಖ್ಯೆಗಳ ಪಟ್ಟಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಕೆ. ಪಿ. ರಾವ್ ಅವರು ಉಚ್ಚಾರದಂತೆ ಬೆರಳಾಡಿಸುವ ಕನ್ನಡ ಕೀಲಿಮಣೆ ರೂಪಿಸಿದರು. ಇವರ ಹೆಸರು ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕಿತ್ತು ಎಂದು ನನ್ನ ಅನಿಸಿಕೆ. ಆದರೆ ಯಂತ್ರಕ್ಕೆ ಶರಣವ್ವ ಬೇರೆ, ಶರಣಮ್ಮ ಬೇರೆ. ನಮ್ಮ ಓಣಿಯಲ್ಲಿ ಇಬ್ಬರೂ ಒಬ್ಬಳೇ. ಪಹಣಿಯಲ್ಲಿ ಅವ್ವ, ರೇಷನ್ ಕಾರ್ಡಿನಲ್ಲಿ ಅಮ್ಮ ಆದವರು ಎಷ್ಟು ಸಲ ಅಲೆದಿದ್ದಾರೋ!

ಹೆಣ್ಣುಮಕ್ಕಳ ಹೆಸರು ಬರದಿದ್ದರೆ ಅದು ಯಂತ್ರದ ತಪ್ಪಲ್ಲ. 1994ರಲ್ಲೇ ಕರ್ನಾಟಕ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಟ್ಟಿತು, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ದೇಶದ ಕಾನೂನು ಆ ಅಡ್ಡಿಯನ್ನೂ ತೆಗೆಯಿತು. ಆದರೆ ಅಣ್ಣತಮ್ಮಂದಿರು ವಾರಸಾ ಅರ್ಜಿಯಲ್ಲಿ ಅಕ್ಕತಂಗಿಯರನ್ನು ಬರೆಯದಿದ್ದರೆ ತಂತ್ರಾಂಶ ಏನು ಮಾಡೀತು?

ಈಗ ಪಹಣಿಯನ್ನು ಜಾಲತಾಣದಲ್ಲೇ ನೋಡಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ರಾತ್ರಿ ಮೊಬೈಲಿನಲ್ಲಿ ತೆಗೆದು ನೋಡಿ ಚಿತ್ತಾಪುರಕ್ಕೆ ಫೋನ್ ಮಾಡುತ್ತಾಳೆ: "ಯವ್ವಾ, ಹೊಲ ಇನ್ನಾ ಅಪ್ಪನ ಹೆಸರಿನ ಮ್ಯಾಗೇ ಅದ. ನಾಳಿ ಕಾಕಾನ ಕೇಳು."