ನಮ್ಮ ಸೀಮೆಯಲ್ಲಿ ವಸಂತಕಾಲದ ಶಿಶುಕ್ರೀಡೆಗಳು

ಇತಿಹಾಸವೆಂದರೆ ಅರಸುಗಳ ವಂಶಾವಳಿ, ಶಾಸನ, ಕಾಳಗ ಇಷ್ಟೇ ಎಂಬ ಭಾವನೆಯು ನಮ್ಮಲ್ಲಿ ರೂಢಮೂಲವಾಗಿರುವುದು. ಹುಣಸೂರು, ಪಿರಿಯಾಪಟ್ಟಣ, ಹಿಂದೆ ಎಡತೊರೆಯೆನಿಸಿಕೊಂಡಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ಪೂರ್ವವೃತ್ತಾಂತವನ್ನು ಹೇಳತೊಡಗಿದವರು ಚೆಂಗಾಳ್ವರಿಂದ ಮೊದಲುಮಾಡಿ ಮೈಸೂರು ಒಡೆಯರಲ್ಲಿಗೆ ತಂದು ನಿಲ್ಲಿಸುವುದು ವಾಡಿಕೆ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು 16ನೆಯ ಶತಮಾನದಲ್ಲಿ ಅಡುಗೆಯನ್ನೇ ವಸ್ತುವಾಗಿ ಹಿಡಿದು 'ಸೂಪಶಾಸ್ತ್ರ'ವನ್ನು ರಚಿಸಿದನು. ಒಲೆಯವರೆಗೆ ಬಂದ ಕವಿಯ ದೃಷ್ಟಿಯು ಪಕ್ಕದಲ್ಲಿಯೇ ತೂಗುತ್ತಿದ್ದ ತೊಟ್ಟಿಲಿನ ಮೇಲೆ ಅಷ್ಟಾಗಿ ಬಿದ್ದಂತೆ ಕಾಣೆನು. ವರುಷ ತುಂಬದ ಕೂಸನ್ನು ಮನೆಯಲ್ಲಿ ಆಡಿಸುವ ಬಗೆಗಳು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ನಡೆದು ಬಂದುವೇ ಹೊರತು ಓಲೆಗರಿಗೆ ಏರಲಿಲ್ಲ.

ಶಾಸ್ತ್ರಕಾರರು ಈ ವಿಷಯವನ್ನು ಅಲಕ್ಷಿಸಿದರೆಂದು ಮಾತ್ರ ಹೇಳಲಾಗದು. ಧರ್ಮಶಾಸ್ತ್ರವು ನಾಲ್ಕನೆಯ ತಿಂಗಳಲ್ಲಿ ಕೂಸನ್ನು ಮನೆಯಿಂದ ಹೊರಗೆ ತರುವ ನಿಷ್ಕ್ರಮಣವನ್ನೂ ಆರನೆಯ ತಿಂಗಳಲ್ಲಿ ಅನ್ನಪ್ರಾಶನವನ್ನೂ ವಿಧಿಸಿದೆ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಆಟಿಕೆಗಳ ಲಕ್ಷಣವೇ ಹೇಳಲ್ಪಟ್ಟಿದೆ. ಆಟಿಕೆಯು ಬಣ್ಣಬಣ್ಣದ್ದಾಗಿ, ಸದ್ದುಮಾಡುವುದಾಗಿ, ನೋಟಕ್ಕೆ ಹಿತವಾಗಿ, ಹಗುರವಾಗಿ ಇರಬೇಕು. ಮೊನೆಯಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಮಗುವನ್ನು ಬೆದರಿಸಬಾರದು ಎಂಬುದು ಅದರ ತಾತ್ಪರ್ಯ. ನೇಪಾಳದಲ್ಲಿ ದೊರೆತ ತಾಳೆಯ ಪ್ರತಿಯಿಂದ 1938ರಲ್ಲಿ ಮುದ್ರಿತವಾದ ಕಾಶ್ಯಪಸಂಹಿತೆಯು ಬಾಲಚಿಕಿತ್ಸೆಗೆಂದೇ ಹುಟ್ಟಿದ ಗ್ರಂಥ. ಕೂಸನ್ನು ಮೊದಲು ನೆಲದ ಮೇಲೆ ಕೂಡಿಸುವ ದಿನ ಅದರ ಮುಂದೆ ಹಿಟ್ಟಿನಿಂದ ಮಾಡಿದ ಪ್ರಾಣಿಗಳನ್ನು ಇಡುವ ಸಂಪ್ರದಾಯ ಅದರಲ್ಲಿ ಬರುತ್ತದೆ. ಇನ್ನೂ ಹಿಂದೆ ಸರಿದರೆ, ಸಿಂಧೂ ಬಯಲಿನ ಹರಪ್ಪ, ಮೊಹೆಂಜೊದಾರೊಗಳ ಅಗೆತದಲ್ಲಿ ಒಳಗೆ ಹರಳಿಟ್ಟು ಸುಟ್ಟ ಮಣ್ಣಿನ ಗಿಲಕಿಗಳೂ ಪುಟ್ಟ ಗಾಡಿಗಳೂ ದೊರೆತಿವೆ. ಶೂದ್ರಕನ ನಾಟಕಕ್ಕೆ ಹೆಸರು ಬಂದದ್ದೇ ಒಂದು ಮಣ್ಣಿನ ಬಂಡಿಯಿಂದ. ಶಾಕುಂತಲದ ಏಳನೆಯ ಅಂಕದಲ್ಲಿ ಸಿಂಹದ ಮರಿಯನ್ನು ಹಿಡಿದೆಳೆಯುವ ಸರ್ವದಮನನನ್ನು ಒಲಿಸಲು ತಾಪಸಿಯು ತರಿಸುವುದು ಮಣ್ಣಿನ ನವಿಲನ್ನು. ಅರಸುಮಗನಿಗೂ ಮಣ್ಣೇ ಸಾಕಾಯಿತು!

ಇನ್ನು ವಸಂತಕ್ಕೂ ಕೂಸಿನ ಆಟಕ್ಕೂ ಸಂಬಂಧವೇನೆಂದು ಕೇಳಬಹುದು. ಸಂಬಂಧವಿರುವುದು ಬೇಸಾಯದಲ್ಲಿ. ನಮ್ಮ ಕಡೆ ರಾಗಿಯ ಒಕ್ಕಣೆ ಮುಗಿದು ಸುಗ್ಗಿ ಕಳೆದ ಮೇಲೆ, ಯುಗಾದಿಯ ಆಚೆ ಮುಂಗಾರಿನ ಮೊದಲ ಮಳೆಗೆ ಹೊಲ ಹದವಾಗುವತನಕ, ಮಳೆಯನ್ನೇ ನಂಬಿದ ಒಕ್ಕಲುಮನೆಯ ಹೆಂಗಸರಿಗೆ ತುಸು ಬಿಡುವು ದೊರೆಯುತ್ತಿದ್ದಿತು. ಮಾಗಿಯ ಚಳಿಗೆ ಹೊದಿಸಿ ಒಳಮನೆಯಲ್ಲಿ ಮಲಗಿಸಿದ್ದ ಕೂಸು ಚೈತ್ರದಲ್ಲಿ ಜಗಲಿಗೆ ಬರುತ್ತಿತ್ತು. ಹೊಂಗೆಯು ಚಿಗುರಿ ಅಂಗಳಕ್ಕೆ ತಂಪಾದ ನೆರಳನ್ನು ಕೊಡುವುದೂ ಆ ಕಾಲದಲ್ಲಿಯೇ. ಆ ನೆರಳಿನಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ, ಮೇಲೆ ಅಲುಗುವ ಎಲೆಗಳನ್ನೂ ಅವುಗಳ ನಡುವೆ ಸುಳಿಯುವ ಬಿಸಿಲಿನ ಚುಕ್ಕೆಗಳನ್ನೂ ನೋಡುತ್ತ ಕೈಕಾಲು ಬಡಿಯುವುದೇ ಮೂರು ತಿಂಗಳ ಕೂಸಿನ ಮೊದಲನೆಯ ಆಟ. ಇದಕ್ಕೆ ಕಾಸು ಖರ್ಚಿಲ್ಲ.

ಕೂಸಿನ ಕತ್ತು ನಿಂತ ಮೇಲೆ ಕೈಯಾಟಗಳು ಪ್ರಾರಂಭವಾಗುವುವು. ಎರಡು ಅಂಗೈಗಳನ್ನು ಹಿಡಿದು ಚಪ್ಪಾಳೆ ತಟ್ಟಿಸುವುದು ಒಂದು. ಅಂಗೈಯಲ್ಲಿ ಬೆರಳಿಂದ ಸುತ್ತುಹಾಕಿ, ಒಂದೊಂದು ಬೆರಳನ್ನೂ ಮಡಿಸಿ ಒಬ್ಬೊಬ್ಬ ನಂಟನಿಗೆ ತುತ್ತು ಹಂಚಿ, ಬಳಿಕ ತೋಳಿನ ಮೇಲೆ ಎರಡು ಬೆರಳುಗಳನ್ನು ನಡೆಸಿಕೊಂಡು ಹೋಗಿ ಕಂಕುಳಲ್ಲಿ ಕಚಗುಳಿಯಿಡುವುದು ಇನ್ನೊಂದು. ಮೂರನೆಯ ಸಲಕ್ಕೆ ಕೂಸು ಬೆರಳು ಮೊಣಕೈಗೆ ಬರುವಾಗಲೇ ನಗತೊಡಗುತ್ತದೆ. ಮುಂದೇನಾಗುವುದೆಂದು ಅದಕ್ಕೆ ತಿಳಿಯಿತೆಂದು ಇದರ ಅರ್ಥ. ತರ್ಕಶಾಸ್ತ್ರದಲ್ಲಿ ಪೂರ್ವವತ್ ಅನುಮಾನವೆಂದು ನಾವು ಓದಿದ್ದನ್ನು ಕೂಸು ಅಜ್ಜಿಯ ತೊಡೆಯ ಮೇಲೆಯೇ ಕಲಿಯುತ್ತದೆ!

ತಾರಮ್ಮಯ್ಯವೂ ಈ ವರ್ಗಕ್ಕೆ ಸೇರಿದುದು. ಕೈಯೆತ್ತಿ ಮಣಿಕಟ್ಟನ್ನು ಹೊರಳಿಸುತ್ತ ಚಂದ್ರನನ್ನು ಕರೆಯುವ ಈ ಆಟದ ಹೆಸರು ತಾರೆಯಿಂದ ಬಂದಿತೆಂದು ಊಹಿಸಬಹುದಾದರೂ 'ತಾ' ಎಂಬ ಧಾತುವೇ ಇದರ ಮೂಲವೆಂದು ನನ್ನ ಬುದ್ಧಿಗೆ ತೋರುತ್ತದೆ. ಸೆಕೆಗೆ ಜನರು ಸಂಜೆ ಅಂಗಳದಲ್ಲಿಯೇ ಕೂಡುವ ವಸಂತಕ್ಕೆ ಇದಕ್ಕಿಂತ ಒಪ್ಪುವ ಆಟ ಮತ್ತೊಂದಿಲ್ಲ.

ಕಾಡಂಚಿನ ಹೆಗ್ಗಡದೇವನಕೋಟೆ, ಹುಣಸೂರು ಸೀಮೆಗಳಲ್ಲಿ ಆನೆಯಾಟದ ಸ್ವಾರಸ್ಯವೇ ಬೇರೆ. ಮೊಣಕಾಲೂರಿ ನಿಂತು ಹಿಂದಕ್ಕೂ ಮುಂದಕ್ಕೂ ತೂಗುವ ಕೂಸನ್ನು ಆನೆಯೆಂದು ಕೂಗಿ ಹುರಿದುಂಬಿಸುವುದು ಕನ್ನಡನಾಡಿನಲ್ಲೆಲ್ಲ ಉಂಟು. ಆದರೆ ಕಾಕನಕೋಟೆಯ ಖೆಡ್ಡಾದಲ್ಲಿ 1971ರವರೆಗೂ ಕಾಡಾನೆಗಳನ್ನು ಹಿಡಿಯುತ್ತಿದ್ದ ಈ ಸೀಮೆಯಲ್ಲಿ ಆನೆಯೆಂಬುದು ಕತೆಯ ಪ್ರಾಣಿಯಲ್ಲ. ಈಗಲೂ ಕಾಡಂಚಿನ ಹಳ್ಳಿಗಳಲ್ಲಿ ರಾತ್ರಿಯೆಲ್ಲ ತಮಟೆ ಬಡಿದು, ಪಂಜು ಹಿಡಿದು ಆನೆಯನ್ನು ಅಟ್ಟಿದ ಮನೆಯವರೇ ಬೆಳಗ್ಗೆ ಎದ್ದು ಕೂಸನ್ನು ಆನೆಯಾಡಿಸುವರು. ಕೂಸಿನ ಪಾಲಿಗೆ ಆನೆಯು ಮೊದಲು ನಗುವಾಗಿ ಬರುತ್ತದೆ; ಭಯವು ತರುವಾಯದ ಪಾಠ.

ಕೂತ ಕೂಸಿಗೆ ವಸ್ತುಗಳು ಬೇಕು. ತೆಂಗಿನ ಗರಿಯ ಗಿಳಿ, ಗಿರಿಗಿಟ್ಟಲೆ, ರೊಟ್ಟಿಗೆ ಕಲಸಿದ ಹಿಟ್ಟಿನಲ್ಲಿ ಚೂರು ತೆಗೆದು ತಿದ್ದಿದ ಹಕ್ಕಿ, ಕವುಚಿಹಾಕಿದ ಪಾತ್ರೆ ಮತ್ತು ಮರದ ಸೌಟು ಇವು ಸಾಮಾನ್ಯ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ನೀರನ್ನು ಬಿಸಿಲಿಗಿಟ್ಟು ಬೆಚ್ಚಗಾದ ಮೇಲೆ ಕೂಸಿನ ಮುಂದಿಟ್ಟು, ಒಂದು ಬೇವಿನೆಲೆಯನ್ನು ತೇಲಿಬಿಟ್ಟರೆ ಅರ್ಧ ಗಳಿಗೆ ಅದು ಅಳುವುದಿಲ್ಲ. ಪಕ್ಕದಿಂದ ದೊಡ್ಡವರು ಏಳಕೂಡದು, ಅಷ್ಟೇ. ಚನ್ನಪಟ್ಟಣದ ಹಾಲೆಮರದ ಗಿಲಕಿಯೂ ಮೂರು ಗಾಲಿಯ ತಳ್ಳುಗಾಡಿಯೂ ಕೈಯಲ್ಲಿ ನಾಲ್ಕು ಕಾಸಿದ್ದ ಮನೆಗಳಿಗೆ ಬರುತ್ತಿದ್ದುವು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ವಸಂತವು ಹುಣಿಸೆ ಬಡಿಯುವ ಕಾಲ. ಮನೆಮನೆಯ ಜಗಲಿಯಲ್ಲಿಯೂ ಹುಣಿಸೆಯನ್ನು ಕುಟ್ಟಿ ಬೀಜ ಬಿಡಿಸುವರು. ದೊಡ್ಡ ಮಕ್ಕಳು ಆ ಬೀಜಗಳನ್ನು ಆಯ್ದು ಅಳಗುಳಿಮಣೆಗೂ ಚೌಕಾಬಾರಕ್ಕೂ ಕೂಡುವರು. ಅಂಬೆಗಾಲಿಕ್ಕುವ ಕೂಸಿಗೆ ಆ ನುಣುಪಾದ ಕಂದುಬಣ್ಣದ ಬೀಜಕ್ಕಿಂತ ಆಸೆ ಹುಟ್ಟಿಸುವ ವಸ್ತುವಿಲ್ಲ. ಗಂಟಲಿಗೆ ಸಿಕ್ಕಿದರೆ ಅದಕ್ಕಿಂತ ಘಾತುಕವಾದುದೂ ಇಲ್ಲ. ಬಾಯೊಳಗೆ ಹೋಗತಕ್ಕದ್ದನ್ನು ಕೊಡಬಾರದೆಂಬ ಚರಕನ ಮಾತು ಇಂಥದಕ್ಕೇ ಅನ್ವಯಿಸುತ್ತದೆ. ಕೇಂದ್ರ ಸರ್ಕಾರವು ಆಟಿಕೆಗಳ ಗುಣನಿಯಂತ್ರಣದ ಆಜ್ಞೆಯನ್ನು 2020ರಲ್ಲಿ ಹೊರಡಿಸಿ, 2021ನೆಯ ಜನವರಿ 1ರಿಂದ ಅಂಗಡಿಯ ಆಟಿಕೆಗಳಿಗೆ ಮಾನಕದ ಮುದ್ರೆಯನ್ನು ಕಡ್ಡಾಯ ಮಾಡಿತು. ಒಳ್ಳೆಯದೇ ಆಯಿತು. ಆದರೆ ಹುಣಿಸೆಬೀಜಕ್ಕೆ ಮುದ್ರೆಯೊತ್ತುವವರಾರು? ಅದಕ್ಕೆ ಅಜ್ಜಿಯ ಕಣ್ಣೇ ಬೇಕು.

ಆ ಕಣ್ಣಿಗೂ ಈಗ ಬಿಡುವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಕೆಂಪುನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹಬ್ಬಿದ ಮೇಲೆ ಋತುಗಳ ಲೆಕ್ಕವೇ ಬದಲಾಯಿತು. ಮಾರ್ಚಿಯಲ್ಲಿ ಸಸಿಮಡಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ನಾಟಿ. ಹಿಂದಿನವರ ಬಿಡುವಿನ ಕಾಲವೇ ಇಂದಿನವರ ದುಡಿಮೆಯ ಕಾಲ. ನೀರು ಹನಿಸುವ, ಸಸಿ ಕೀಳುವ ಕೆಲಸಕ್ಕೆ ಹೆಂಗಸರೇ ಬೇಕು. ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದು ಕಣದ ಬದಿಯಲ್ಲಿ ನಡೆಯುತ್ತಿತ್ತು. ಔಷಧ ಸಿಂಪಡಿಸಿದ ಮಡಿಯ ಬದಿಯಲ್ಲಿ ಅದು ಸಲ್ಲದು. ಸೊಪ್ಪು ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯದೆ ಕೂಸಿನ ಕೆನ್ನೆಯನ್ನು ಮುಟ್ಟುವಂತೆಯೂ ಇಲ್ಲ. ಈ ಬೆಳೆಯಿಂದ ಮನೆಗಳು ಹೆಂಚು ಕಂಡುವು, ಮಕ್ಕಳು ಓದಿದರು. ಅದನ್ನು ಹಳಿಯುವುದು ನ್ಯಾಯವಲ್ಲ. ಹಣ ಬಂದಿತು, ಚೈತ್ರದ ಮಧ್ಯಾಹ್ನಗಳು ಹೋದುವು. 1975ರಲ್ಲಿ ಶಿಶು ಅಭಿವೃದ್ಧಿ ಯೋಜನೆಯಿಂದ ಮೊದಲಾದ ಅಂಗನವಾಡಿಗಳು ಮೂರು ವರುಷದ ಮಗುವಿಗೆ ಆಟಪಾಠಗಳನ್ನು ಒದಗಿಸುವುವು. ಆರು ತಿಂಗಳ ಕೂಸಿನ ತಾಯಿಗೆ ಪೌಷ್ಟಿಕ ಆಹಾರ ದೊರೆಯುವುದೇ ಹೊರತು ಕೂಸನ್ನಾಡಿಸುವ ಮಡಿಲು ದೊರೆಯದು. ಆ ಸ್ಥಾನಕ್ಕೆ ಈಗ ಕೈಯೊಳಗಿನ ದೂರವಾಣಿಯ ಚಿತ್ರಗಳು ಬಂದು ಕುಳಿತಿವೆ. ಅದರಲ್ಲಿ ಬಣ್ಣವುಂಟು, ಸದ್ದುಂಟು, ಚರಕನ ಲಕ್ಷಣಗಳಲ್ಲಿ ಹಲವುಂಟು; ಕೂಸು ನಕ್ಕಾಗ ಅದು ತಿರುಗಿ ನಗುವುದಿಲ್ಲ.

ಮೈಸೂರು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ ಗೊಂಬೆಗಳನ್ನೂ ಮನೆಬಳಕೆಯ ಸಾಮಾನುಗಳನ್ನೂ ಜೋಡಿಸಿಟ್ಟಿದ್ದಾರೆ. ತಾರಮ್ಮಯ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗುವುದಿಲ್ಲ. ಆದುದರಿಂದ ನಾಲ್ಕು ತಾಲ್ಲೂಕುಗಳ ವಾಚಕ ಮಹಾಶಯರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯರಿದ್ದರೆ ಈ ಯುಗಾದಿಯೊಳಗಾಗಿ ಅವರು ಕೂಸನ್ನಾಡಿಸುವ ಕ್ರಮವನ್ನು, ನುಡಿಯುವ ಮಾತುಗಳೊಡನೆ ಬೆರಳು ಎಲ್ಲಿಂದ ಎಲ್ಲಿಗೆ ನಡೆಯಿತು, ಯಾವ ಬೆರಳಿಗೆ ಯಾರ ಹೆಸರು ಎಂಬುದನ್ನೂ ಕೂಡಿಸಿ, ಊರಿನ ಹೆಸರಿನೊಂದಿಗೆ ಬರೆದು ನಮ್ಮ ಸಂಘದ ವಿಳಾಸಕ್ಕೆ ಕಳುಹಿಸಿಕೊಡಬೇಕು. ಹಾಡಿಗಳಲ್ಲಿ ಪಾಠ ಹೇಳುವ ಉಪಾಧ್ಯಾಯರು ಜೇನುಕುರುಬ, ಬೆಟ್ಟಕುರುಬ ತಾಯಂದಿರ ಆಟಗಳನ್ನು ಅವರ ನುಡಿಯಲ್ಲಿಯೇ, ತಿದ್ದದೆ, ಬರೆದುಕೊಳ್ಳಲಿ. ಒಂದೇ ಆಟವು ಊರೂರಿಗೆ ಬೇರೆಯಾಗಿ ಬಂದರೆ ಎಲ್ಲವನ್ನೂ ಕಳುಹಿಸಬಹುದು.